‘ಗೆಲ್ಲೋ ಕುದುರೆ’ಯ ಸ್ಟ್ರೈಕ್ ರೇಟ್: ಮಸ್ಕಿಯ ಐದು ಚುನಾವಣೆಗಳು ಹೇಳುವ ಲೆಕ್ಕ

ಯಾವ ರಾಜ್ಯದ ಫಲಿತಾಂಶ ಬಂದರೂ ಸಂಜೆ ಹೊತ್ತಿಗೆ ನಮ್ಮ ಫೋನುಗಳಲ್ಲಿ ಒಂದು ಪಟ್ಟಿ ಓಡಾಡಲು ಶುರುವಾಗುತ್ತದೆ. ಯಾವ ಪಕ್ಷ ಎಷ್ಟು ಕಡೆ ನಿಂತಿತ್ತು, ಎಷ್ಟು ಕಡೆ ಗೆದ್ದಿತು, ಭಾಗಿಸಿದರೆ ಶೇಕಡಾ ಎಷ್ಟು. ಇದಕ್ಕೆ ಕ್ರಿಕೆಟ್‌ನಿಂದ ಎರವಲು ತಂದ ಹೆಸರು ‘ಸ್ಟ್ರೈಕ್ ರೇಟ್’. 2024ರಲ್ಲಿ ಆಂಧ್ರದ ಜನಸೇನಾ ನಿಂತ 21 ವಿಧಾನಸಭಾ ಕ್ಷೇತ್ರಗಳಲ್ಲಿ 21ನ್ನೂ ಗೆದ್ದಾಗ ‘ನೂರಕ್ಕೆ ನೂರು ಸ್ಟ್ರೈಕ್ ರೇಟ್’ ಅಂತ ಹಾಡಿದ್ದೇ ಹಾಡಿದ್ದು. 2025ರ ನವೆಂಬರ್‌ನಲ್ಲಿ ಬಿಹಾರದ ಫಲಿತಾಂಶ ಬಂದಾಗಲೂ ಅಷ್ಟೇ. ಬಿಜೆಪಿ 101ರಲ್ಲಿ 89, ಜೆಡಿಯು 101ರಲ್ಲಿ 85, ಕಾಂಗ್ರೆಸ್ 61ರಲ್ಲಿ 6. ಚರ್ಚೆಯೆಲ್ಲ ಈ ಭಾಗಾಕಾರದ ಸುತ್ತಲೇ ನಡೆಯಿತು.

ಪಕ್ಷದ ಮಟ್ಟದಲ್ಲಿ ಇದು ನಿಂತಿದ್ದರೆ ತಕರಾರು ಇರಲಿಲ್ಲ. ಆದರೆ ಇದೇ ಸಂಖ್ಯೆ ಈಗ ವ್ಯಕ್ತಿಗಳ ಹೆಸರಿಗೂ ಅಂಟಿಕೊಂಡಿದೆ. ಯಾವ ನಾಯಕರು ಪ್ರಚಾರ ಮಾಡಿದ ಎಷ್ಟು ಕ್ಷೇತ್ರ ಗೆದ್ದಿತು, ಯಾವ ಉಸ್ತುವಾರಿಯ ದಾಖಲೆ ಎಷ್ಟು, ಯಾವ ಅಭ್ಯರ್ಥಿ ‘ಗೆಲ್ಲೋ ಕುದುರೆ’. ಟಿಕೆಟ್ ಹಂಚುವ ಕೋಣೆಯಲ್ಲಿ ಕೊನೆಗೆ ಕೆಲಸ ಮಾಡುವುದು ಇದೇ. ಹಾಗಾಗಿ ಇದು ಬರೀ ಫಲಿತಾಂಶದ ದಿನದ ಮನರಂಜನೆ ಅಲ್ಲ. ಮುಂದಿನ ಚುನಾವಣೆಯಲ್ಲಿ ನಿಮ್ಮ ಮುಂದೆ ಮತಯಂತ್ರದಲ್ಲಿ ಯಾರ ಹೆಸರು ಇರುತ್ತದೆ, ಯಾರದ್ದು ಇರುವುದಿಲ್ಲ ಅನ್ನೋದನ್ನು ಇದು ತೀರ್ಮಾನಿಸುತ್ತದೆ.

ಇಂಜಿನಿಯರಿಂಗ್ ಓದುವಾಗ ನಮಗೆ ಲ್ಯಾಬಿನಲ್ಲಿ ಮೊದಲು ಕಲಿಸಿದ್ದು ಒಂದೇ: ಮೀಟರ್ ತೋರಿಸುವ ಸಂಖ್ಯೆಯನ್ನು ನಂಬುವ ಮೊದಲು ಅದು ಏನನ್ನು ಅಳೆಯುತ್ತಿದೆ ಅಂತ ಕೇಳು. ಗೆಲುವಿನ ಶೇಕಡಾಕ್ಕೂ ಆ ಪ್ರಶ್ನೆ ಕೇಳಬೇಕು. ಇಡೀ ರಾಜ್ಯ ಬೇಡ, ಒಂದೇ ಕ್ಷೇತ್ರ ಸಾಕು. ರಾಯಚೂರು ಜಿಲ್ಲೆಯ ಬಳಗಾನೂರು ಪಟ್ಟಣ ಸೇರಿರುವ ಮಸ್ಕಿ ವಿಧಾನಸಭಾ ಕ್ಷೇತ್ರವನ್ನು ತಗೊಳ್ಳೋಣ.

ಐದು ಪಂದ್ಯ, ಇಬ್ಬರು ಆಟಗಾರರು

ಕ್ಷೇತ್ರ ಪುನರ್ವಿಂಗಡಣೆಯಾದ ಮೇಲೆ 2008ರಲ್ಲಿ ಮೊದಲ ಚುನಾವಣೆ ಕಂಡ ಕ್ಷೇತ್ರ ಮಸ್ಕಿ. ಪರಿಶಿಷ್ಟ ಪಂಗಡಕ್ಕೆ ಮೀಸಲು. ಉಪಚುನಾವಣೆ ಸೇರಿ 2023ರವರೆಗೆ ಇಲ್ಲಿ ಐದು ಚುನಾವಣೆ ಆಗಿವೆ. ಇಷ್ಟು ಎಳೆ ವಯಸ್ಸಿನ ಕ್ಷೇತ್ರವಾದ್ದರಿಂದ ಲೆಕ್ಕ ಇಡೋದೂ ಸುಲಭ:

2008: ಪ್ರತಾಪಗೌಡ ಪಾಟೀಲ (ಬಿಜೆಪಿ) ಗೆಲುವು.
2013: ಪ್ರತಾಪಗೌಡ ಪಾಟೀಲ (ಕಾಂಗ್ರೆಸ್) ಗೆಲುವು.
2018: ಪ್ರತಾಪಗೌಡ ಪಾಟೀಲ (ಕಾಂಗ್ರೆಸ್) 60,387, ಬಸನಗೌಡ ತುರ್ವಿಹಾಳ (ಬಿಜೆಪಿ) 60,174.
2021, ಉಪಚುನಾವಣೆ: ಬಸನಗೌಡ ತುರ್ವಿಹಾಳ (ಕಾಂಗ್ರೆಸ್) 86,337; ಪ್ರತಾಪಗೌಡ ಪಾಟೀಲ (ಬಿಜೆಪಿ) 55,731.
2023: ಬಸನಗೌಡ ತುರ್ವಿಹಾಳ (ಕಾಂಗ್ರೆಸ್) 79,566, ಪ್ರತಾಪಗೌಡ ಪಾಟೀಲ (ಬಿಜೆಪಿ) 66,513.

ಈಗ ಸ್ಟ್ರೈಕ್ ರೇಟ್ ಪಟ್ಟಿ ಮಾಡಿ. ತುರ್ವಿಹಾಳ ಮೂರಕ್ಕೆ ಎರಡು, ಶೇ 66.7. ಪ್ರತಾಪಗೌಡ ಐದಕ್ಕೆ ಮೂರು, ಶೇ 60. ಮೊದಲ ಸ್ಥಾನ, ಎರಡನೇ ಸ್ಥಾನ. ಪಟ್ಟಿ ಮುಗೀತು. 213 ಮತಗಳಲ್ಲಿ ದಕ್ಕಿದ 2018ರ ಗೆಲುವೂ ಇದರಲ್ಲಿ ‘1’. 30,606 ಮತಗಳ ಅಂತರದ 2021ರ ಗೆಲುವೂ ‘1’. 2018ರಲ್ಲಿ 107 ಜನ ಆ ಕಡೆಯಿಂದ ಈ ಕಡೆ ವಾಲಿದ್ದರೆ ತುರ್ವಿಹಾಳರದ್ದು ನೂರಕ್ಕೆ ನೂರು, ಪ್ರತಾಪಗೌಡರದ್ದು ಶೇ 40 ಆಗುತ್ತಿತ್ತು. ನೂರೇಳು ಜನ ಅಂದರೆ ಎಷ್ಟು? ಮದುವೆ ಊಟದ ಒಂದು ಪಂಕ್ತಿ.

ಇನ್ನೊಂದು ವಿಚಿತ್ರ ಇದೆ. ಪ್ರತಾಪಗೌಡರು 2018ರಲ್ಲಿ ಗೆದ್ದಾಗ ಪಡೆದದ್ದು 60,387 ಮತ. 2023ರಲ್ಲಿ ಸೋತಾಗ ಪಡೆದದ್ದು 66,513. ಅಂದರೆ ಗೆದ್ದ ವರ್ಷಕ್ಕಿಂತ 6,126 ಮತ ಜಾಸ್ತಿ ತಗೊಂಡು ಸೋತರು. ‘ಜನ ಅವರನ್ನು ಕೈಬಿಟ್ಟರು’ ಅಂತ 2023ರ ಬಗ್ಗೆ ಬರೆಯೋದು ಸುಲಭ. ಅವರಿಗೆ ಮತ ಹಾಕಿದವರ ಸಂಖ್ಯೆ ಏರಿದೆ ಅನ್ನೋ ಸಂಗತಿ ಆ ವಾಕ್ಯದಲ್ಲಿ ಹಿಡಿಸೋದಿಲ್ಲ.

ಪಕ್ಷದ ಹೆಸರಲ್ಲಿ ಪಟ್ಟಿ ಮಾಡಿದರೆ

ಇದೇ ಐದು ಫಲಿತಾಂಶಗಳನ್ನು ವ್ಯಕ್ತಿಯ ಬದಲು ಪಕ್ಷದ ಹೆಸರಲ್ಲಿ ಜೋಡಿಸಿ. ಕಾಂಗ್ರೆಸ್ ಐದಕ್ಕೆ ನಾಲ್ಕು, ಬಿಜೆಪಿ ಐದಕ್ಕೆ ಒಂದು. ಎರಡನ್ನೂ ಕೂಡಿಸಿ ನೋಡಿದರೆ: ಪ್ರತಾಪಗೌಡ ಕಾಂಗ್ರೆಸ್‌ನಲ್ಲಿ ಎರಡಕ್ಕೆ ಎರಡು, ಬಿಜೆಪಿಯಲ್ಲಿ ಮೂರಕ್ಕೆ ಒಂದು. ತುರ್ವಿಹಾಳ ಕಾಂಗ್ರೆಸ್‌ನಲ್ಲಿ ಎರಡಕ್ಕೆ ಎರಡು, ಬಿಜೆಪಿಯಲ್ಲಿ ಒಂದಕ್ಕೆ ಸೊನ್ನೆ. ಇಬ್ಬರೂ ಪಕ್ಷ ಅದಲು ಬದಲು ಮಾಡಿಕೊಂಡರು. ಗೆಲುವು ಮಾತ್ರ 2013ರಿಂದ ಒಂದೇ ಚಿಹ್ನೆಯ ಹತ್ತಿರ ಕೂತಿದೆ.

ಹಾಗಂತ ‘ಅಭ್ಯರ್ಥಿ ಏನೂ ಅಲ್ಲ, ಮಸ್ಕಿ ಕಾಂಗ್ರೆಸ್ ಕೋಟೆ’ ಅಂತ ಬರೆದರೆ ಅದೂ ಅದೇ ಜಾತಿಯ ಅವಸರ. ಐದು ಚುನಾವಣೆಯಿಂದ ಕೋಟೆ ಕಟ್ಟೋಕಾಗಲ್ಲ. 2008ರಲ್ಲಿ ರಾಜ್ಯದಲ್ಲಿ ಬಿಜೆಪಿ 110 ಸ್ಥಾನ ಗೆದ್ದಿತ್ತು, ಮಸ್ಕಿಯೂ ಅದರ ಜೊತೆ ಹೋಯಿತು. 2013ರಲ್ಲಿ ಕಾಂಗ್ರೆಸ್ 122, ಮಸ್ಕಿಯೂ ಜೊತೆಗೆ. 2023ರಲ್ಲಿ ಕಾಂಗ್ರೆಸ್ 135, ಮಸ್ಕಿಯೂ ಜೊತೆಗೆ. ಈ ಮೂರರಲ್ಲಿ ಅಭ್ಯರ್ಥಿಯ ಬಲ ಎಷ್ಟು, ರಾಜ್ಯದ ಗಾಳಿ ಎಷ್ಟು ಅಂತ ಬೇರ್ಪಡಿಸೋದು ಕಷ್ಟ. ಗಾಳಿಗೆ ಎದುರಾಗಿ ಹೋದದ್ದು 2021 ಒಂದೇ. ಆಗ ರಾಜ್ಯದಲ್ಲಿ ಬಿಜೆಪಿ ಸರ್ಕಾರ. ಉಪಚುನಾವಣೆಗಳಲ್ಲಿ ಸಾಮಾನ್ಯವಾಗಿ ಆಡಳಿತ ಪಕ್ಷದ್ದೇ ಮೇಲುಗೈ. ಆದರೂ 30 ಸಾವಿರದ ಅಂತರ. ಮಸ್ಕಿಯಲ್ಲಿ ಏನೋ ನಡೆದಿದ್ದರೆ ಅದು ಆಗ ನಡೆದಿದೆ. ಅದೇನು ಅಂತ ಮುಂದೆ ಬರುತ್ತೇನೆ.

1876ರ ಒಂದು ಪಟ್ಟಿ

ತಂಡದ ಗೆಲುವನ್ನು ಒಬ್ಬನ ಹೆಸರಿಗೆ ಬರೆಯುವ ಚಾಳಿ ರಾಜಕೀಯದ್ದಲ್ಲ, ಆಟದ್ದು. ಅದರಲ್ಲೂ ಅಮೆರಿಕದ ಬೇಸ್‌ಬಾಲಿನದ್ದು. ಅಲ್ಲಿ ಚೆಂಡು ಎಸೆಯುವ ಪಿಚರ್‌ನ ಹೆಸರಿನ ಮುಂದೆ ಗೆಲುವು, ಸೋಲು ಅಂತ ಎರಡು ಅಂಕಣ. ಭಾಗಿಸಿದರೆ ಗೆಲುವಿನ ಶೇಕಡಾ. ತಂಡದಲ್ಲಿ ಒಂಬತ್ತು ಜನ ಇದ್ದರೂ ಪಂದ್ಯ ‘ಗೆದ್ದವನು’ ಒಬ್ಬ.

ನ್ಯಾಷನಲ್ ಲೀಗ್‌ನ ಮೊದಲ ಋತು 1876. ಆ ವರ್ಷ ಷಿಕಾಗೊ ತಂಡದ ಆಲ್ಬರ್ಟ್ ಸ್ಪಾಲ್ಡಿಂಗ್ 47 ಗೆಲುವು, 12 ಸೋಲು, ಶೇ 79.7. ಸೇಂಟ್ ಲೂಯಿಸ್ ತಂಡದ ಜಾರ್ಜ್ ಬ್ರಾಡ್ಲಿ 45 ಗೆಲುವು, 19 ಸೋಲು, ಶೇ 70.3. ಪಟ್ಟಿ ನೋಡಿದರೆ ಸ್ಪಾಲ್ಡಿಂಗ್ ಬಹಳ ಮುಂದೆ. ಆದರೆ ಷಿಕಾಗೊ ತಂಡದ ಒಟ್ಟು ದಾಖಲೆ 52 ಗೆಲುವು, 14 ಸೋಲು, ಶೇ 78.8. ಸೇಂಟ್ ಲೂಯಿಸ್ ತಂಡದ ಒಟ್ಟು ದಾಖಲೆ 45 ಗೆಲುವು, 19 ಸೋಲು, ಅಂದರೆ ಬ್ರಾಡ್ಲಿಯದ್ದೇ. ಆ ಕಾಲದಲ್ಲಿ ಒಬ್ಬನೇ ಪಿಚರ್ ಹೆಚ್ಚುಕಡಿಮೆ ಎಲ್ಲ ಪಂದ್ಯ ಎಸೆಯುತ್ತಿದ್ದ. ಹಾಗಾಗಿ ಪಿಚರ್‌ಗಳ ಪಟ್ಟಿ ಅಂತ ಅಚ್ಚಾದದ್ದು ನಿಜದಲ್ಲಿ ತಂಡಗಳ ಅಂಕಪಟ್ಟಿ. ಹೆಸರು ಮಾತ್ರ ಬೇರೆ.

ಎಸೆತದಲ್ಲಿ ಯಾರು ಮೇಲು? ಒಂಬತ್ತು ಇನ್ನಿಂಗ್ಸಿಗೆ ಸರಾಸರಿ ಎಷ್ಟು ರನ್ ಎಸೆಯುವವನ ಲೆಕ್ಕಕ್ಕೆ ಹೋಯಿತು ಅನ್ನುವ ಅಳತೆಯಲ್ಲಿ ಬ್ರಾಡ್ಲಿಯದ್ದು 1.23, ಇಡೀ ಲೀಗ್‌ಗೇ ಮೊದಲು. ಸ್ಪಾಲ್ಡಿಂಗ್‌ದು 1.75. ವ್ಯತ್ಯಾಸ ಬಂದದ್ದು ಬ್ಯಾಟಿನಿಂದ. ಷಿಕಾಗೊ ಪಂದ್ಯಕ್ಕೆ ಸರಾಸರಿ ಒಂಬತ್ತಕ್ಕೂ ಹೆಚ್ಚು ರನ್ ಹೊಡೆಯುತ್ತಿತ್ತು, ಸೇಂಟ್ ಲೂಯಿಸ್ ಆರರ ಆಸುಪಾಸು. ಬ್ಯಾಟ್ ಹಿಡಿದವರು ತಂದುಕೊಟ್ಟದ್ದನ್ನು ಪಟ್ಟಿ ಎಸೆಯುವವನ ಖಾತೆಗೆ ಜಮಾ ಮಾಡಿತು.

ಈ ತಪ್ಪು ಅವರಿಗೆ ಪೂರ್ತಿ ಅರ್ಥವಾಗೋಕೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದ ಜೇಕಬ್ ಡಿಗ್ರಾಮ್ 10 ಪಂದ್ಯ ‘ಗೆದ್ದು’ 9 ‘ಸೋತರು’. ಶೇ 53, ಸಾಧಾರಣ ಸಂಖ್ಯೆ. ಆದರೂ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವರಿಗೇ ಬಂತು. ಅವರ ರನ್ ಸರಾಸರಿ 1.70 ಇತ್ತು. ತಂಡ ರನ್ ಹೊಡೆಯಲಿಲ್ಲ ಅನ್ನೋದು ಅವರ ಕೈಯಲ್ಲಿರಲಿಲ್ಲ ಅಂತ ಮತ ಹಾಕಿದ ಪತ್ರಕರ್ತರು ಒಪ್ಪಿಕೊಂಡಿದ್ದರು.

ಕ್ರಿಕೆಟ್ ಪುಣ್ಯಕ್ಕೆ ಈ ಅಂಕಣ ಇಟ್ಟುಕೊಳ್ಳಲಿಲ್ಲ. ಇಟ್ಟಿದ್ದರೆ ನಮ್ಮ ಬಿ.ಎಸ್. ಚಂದ್ರಶೇಖರ್ ಗತಿ ನೆನೆಸಿಕೊಳ್ಳಿ. ಅವರು ಆಡಿದ 58 ಟೆಸ್ಟ್‌ಗಳಲ್ಲಿ ಭಾರತ ಗೆದ್ದದ್ದು 14, ಅಂದರೆ ಶೇ 24. ಆ 14 ಗೆಲುವುಗಳಲ್ಲಿ ಚಂದ್ರ ತೆಗೆದ ವಿಕೆಟ್ 98. ಗೆಲುವಿನ ಶೇಕಡಾ ನೋಡಿ ತಂಡ ಆರಿಸಿದ್ದರೆ ಚಂದ್ರ ಯಾವತ್ತೋ ಮನೆಗೆ ಹೋಗುತ್ತಿದ್ದರು, ಆ 14ರಲ್ಲಿ ಎಷ್ಟು ಉಳಿಯುತ್ತಿದ್ದವೋ ಗೊತ್ತಿಲ್ಲ.

ಇದು ತುಂಗಭದ್ರಾ ಎಡದಂಡೆ ಕಾಲುವೆಯ ಜನಕ್ಕೆ ಹೇಳಿಕೊಡಬೇಕಾದ ಪಾಠವೇನಲ್ಲ. ವಿತರಣಾ ಕಾಲುವೆಯ ಮೇಲ್ಭಾಗದ ರೈತನ ಎಕರೆಗೆ ಇಷ್ಟು ಚೀಲ ಭತ್ತ, ಕೊನೆಭಾಗದವನದ್ದು ಅದರ ಅರ್ಧ ಅಂತ ಪಟ್ಟಿ ಮಾಡಿ, ಮೇಲಿನವನು ಒಳ್ಳೆ ಒಕ್ಕಲಿಗ ಅಂತ ಯಾರಾದರೂ ಅಂದರೆ ಬಳಗಾನೂರು ಸೀಮೆಯಲ್ಲಿ ನಗ್ತಾರೆ. ನೀರು ಎಲ್ಲಿವರೆಗೆ ಬಂತು ಅಂತ ಮೊದಲು ಕೇಳ್ತಾರೆ. ಹೊಲದ ವಿಷಯದಲ್ಲಿ ಇರುವ ಈ ವಿವೇಕ ಚುನಾವಣೆ ಬಂದಾಗ ಎಲ್ಲಿ ಹೋಗುತ್ತೆ ಅನ್ನೋದೇ ನನ್ನ ಪ್ರಶ್ನೆ.

ಎರಡಕ್ಕೆ ಎರಡು ಗೆದ್ದ ತಂತ್ರಗಾರ

ಋತುವಿನ ಶುರುವಿನಲ್ಲಿ ಈ ಶೇಕಡಾ ಇನ್ನೂ ಅಪಾಯಕಾರಿ. ಎರಡು ಪಂದ್ಯ ಆಡಿ ಎರಡೂ ಗೆದ್ದವನು ಪಟ್ಟಿಯ ತುದಿಯಲ್ಲಿ ಕೂರ್ತಾನೆ. ಮೂರನೇ ಪಂದ್ಯ ಸೋತರೆ ನೂರು ಇದ್ದದ್ದು 66.7 ಆಗುತ್ತದೆ. ಆಟಗಾರ ಒಂದು ದಿನದಲ್ಲಿ ಬದಲಾಗಿರಲ್ಲ. ಭಾಗಿಸುವ ಸಂಖ್ಯೆ ಚಿಕ್ಕದು, ಅಷ್ಟೇ.

2019ರ ಡಿಸೆಂಬರ್‌ನಲ್ಲಿ ಕೆ.ಆರ್. ಪೇಟೆ ಉಪಚುನಾವಣೆಯನ್ನು ಬಿಜೆಪಿ ಗೆದ್ದಿತು. ಮಂಡ್ಯ ಜಿಲ್ಲೆಯಲ್ಲಿ ಕಮಲ ಅರಳಿದ್ದು ದೊಡ್ಡ ಸುದ್ದಿಯಾಯಿತು. 2020ರ ನವೆಂಬರ್‌ನಲ್ಲಿ ಶಿರಾ ಕೂಡ ಬಂತು. ಎರಡೂ ಕಡೆ ಓಡಾಡಿದ್ದ ಬಿ.ವೈ. ವಿಜಯೇಂದ್ರ ಅವರಿಗೆ ಮಾಧ್ಯಮಗಳು ‘ಚುನಾವಣಾ ಚಾಣಕ್ಯ’ನ ಪಟ್ಟ ಕಟ್ಟಿದವು. ಆಮೇಲೆ ಬಂದದ್ದು ಮಸ್ಕಿ. ಅಲ್ಲೂ ಅವರೇ ಮುಂದೆ ನಿಂತು ನಡೆಸಿದರು. 2021ರ ಮೇ 2ರಂದು ಫಲಿತಾಂಶ ಬಂದಾಗ ಅದೇ ಬಾಯಿಗಳು ‘ತಂತ್ರ ಕೈಕೊಟ್ಟಿತು’ ಅಂದವು. ಕುತೂಹಲದ ವಿಷಯ ಏನಂದರೆ, ಅದೇ ದಿನ ಬಸವಕಲ್ಯಾಣವನ್ನೂ ಬೆಳಗಾವಿ ಲೋಕಸಭಾ ಕ್ಷೇತ್ರವನ್ನೂ ಬಿಜೆಪಿ ಗೆದ್ದಿತು. ಅದನ್ನು ಯಾರ ಖಾತೆಗೆ ಬರೆಯೋದು?

ಕೆ.ಆರ್. ಪೇಟೆ ಗೆದ್ದದ್ದು ಒಬ್ಬರ ತಂತ್ರದಿಂದ ಅಲ್ಲ, ಮಸ್ಕಿ ಸೋತದ್ದೂ ಒಬ್ಬರ ವೈಫಲ್ಯದಿಂದ ಅಲ್ಲ. ಒಂದು ಕಡೆ ಸರ್ಕಾರ ಉಳಿಸಿಕೊಳ್ಳುವ ಉಪಚುನಾವಣೆಗಳ ಅಲೆ ಇತ್ತು, ಇನ್ನೊಂದು ಕಡೆ ಇರಲಿಲ್ಲ. ಆದರೆ ‘ಅಲೆ’ಗೆ ಮುಖ ಇಲ್ಲ, ಬ್ಯಾನರ್ ಮಾಡಿಸೋಕಾಗಲ್ಲ. ಆದ್ದರಿಂದ ಗೆಲುವಿಗೆ ಯಾರದ್ದಾದರೂ ಫೋಟೊ ಬೇಕಾಗುತ್ತದೆ. ಇದು ಒಂದೇ ಪಕ್ಷದ ರೋಗವೂ ಅಲ್ಲ. 2023ರ ಗೆಲುವು ಯಾರದ್ದು ಅಂತ ಕಾಂಗ್ರೆಸ್‌ನ ಇಬ್ಬರು ನಾಯಕರ ಅಭಿಮಾನಿಗಳು ಎಷ್ಟು ಕಾಲ ಕಿತ್ತಾಡಿದ್ದಾರೆ ಅನ್ನೋದು ನಿಮಗೂ ಗೊತ್ತು.

ಕೆಳಗಿನ ಸಂಖ್ಯೆ ಯಾರ ಕೈಯಲ್ಲಿದೆ?

ಭಾಗಾಕಾರದಲ್ಲಿ ಎಲ್ಲರೂ ಮೇಲಿನ ಸಂಖ್ಯೆ ನೋಡ್ತಾರೆ. ಆಟ ಇರೋದು ಕೆಳಗಿನ ಸಂಖ್ಯೆಯಲ್ಲಿ.

ಜನಸೇನಾ 2019ರಲ್ಲಿ ಟಿಡಿಪಿ, ಬಿಜೆಪಿ ಎರಡನ್ನೂ ಬಿಟ್ಟು ನೂರಕ್ಕೂ ಹೆಚ್ಚು ಕ್ಷೇತ್ರಗಳಲ್ಲಿ ನಿಂತಿತ್ತು. ಗೆದ್ದದ್ದು ಒಂದು. ಪವನ್ ಕಲ್ಯಾಣ್ ತಾವು ನಿಂತ ಎರಡೂ ಕಡೆ, ಗಾಜುವಾಕ ಮತ್ತು ಭೀಮವರಂನಲ್ಲಿ ಸೋತರು. 2024ರಲ್ಲಿ ಅದೇ ಪಕ್ಷ ಟಿಡಿಪಿ ಜೊತೆ ಸೇರಿ 21 ಕಡೆ ಮಾತ್ರ ನಿಂತಿತು, ಎಲ್ಲ ಗೆದ್ದಿತು. ಜೊತೆಗಾರ ಟಿಡಿಪಿ ಕೂಡ 144ಕ್ಕೆ 135 ಗೆದ್ದಿತು. ಐದು ವರ್ಷದಲ್ಲಿ ಪವನ್ ಅವರ ಜನಪ್ರಿಯತೆ ಶೇ 1ರಿಂದ 100ಕ್ಕೆ ಏರಲಿಲ್ಲ. ಸ್ಪಾಲ್ಡಿಂಗ್ ಥರ ಒಳ್ಳೆ ಬ್ಯಾಟಿಂಗ್ ಇರುವ ತಂಡ ಸೇರಿಕೊಂಡರು. ಆ ತಂಡ ಸೇರುವ ತೀರ್ಮಾನ ರಾಜಕೀಯವಾಗಿ ಜಾಣತನದ್ದು, ಅದರ ಶ್ರೇಯ ಅವರಿಗೆ ಸಲ್ಲಲಿ. ಆದರೆ ಅದು ಬೇರೆ ಶ್ರೇಯ.

ನಮ್ಮಲ್ಲಿಗೆ ಬನ್ನಿ. 2018ರಲ್ಲಿ ಬಿಜೆಪಿಗೆ ಶೇ 36ರಷ್ಟು ಮತ, 104 ಸ್ಥಾನ. 2023ರಲ್ಲೂ ಶೇ 36ರಷ್ಟು ಮತ, 66 ಸ್ಥಾನ. ಮತ ನಿಂತಲ್ಲೇ ನಿಂತಿತ್ತು, ಸ್ಟ್ರೈಕ್ ರೇಟ್ ಕುಸಿಯಿತು. ಕಾರಣ ಎದುರಾಳಿಗಳ ನಡುವಿನ ಮತ ಹಂಚಿಕೆ ಬದಲಾದದ್ದು. 2024ರ ಲೋಕಸಭೆಯಲ್ಲಿ ಕಾಂಗ್ರೆಸ್‌ಗೆ ಶೇ 45ರ ಮೇಲೆ ಮತ, ಆದರೆ 28ಕ್ಕೆ 9. ಬಿಜೆಪಿ ಮತ್ತು ಜೆಡಿಎಸ್ ಸೇರಿ ಶೇ 51ರ ಮೇಲೆ, 28ಕ್ಕೆ 19. ಆರೇಳು ಶೇಕಡಾ ಅಂತರ ಸ್ಥಾನಗಳಲ್ಲಿ ದುಪ್ಪಟ್ಟಾಗಿ ಕಾಣುತ್ತದೆ. ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ ಈ ಐದರಲ್ಲಿ ಕಾಂಗ್ರೆಸ್ 2019ರಲ್ಲಿ ಸೊನ್ನೆ, 2024ರಲ್ಲಿ ಐದಕ್ಕೆ ಐದು. ಹೆಚ್ಚು ಮತ ಪಡೆದವರಿಗೇ ಪೂರ್ತಿ ಸ್ಥಾನ ಅನ್ನುವ ನಮ್ಮ ಪದ್ಧತಿಯಲ್ಲಿ ಶೇಕಡಾ ಹೀಗೆ ಕುಣಿಯುತ್ತದೆ. ಕುಣಿತವನ್ನು ನೋಡಿ ‘ಕಲ್ಯಾಣ ಕರ್ನಾಟಕದ ಜನ ಪೂರ್ತಿ ಬದಲಾದರು’ ಅಂತ ಬರೆದುಬಿಟ್ಟರೆ, ಎರಡೂ ಬಾರಿ ಸೋತವರಿಗೆ ಮತ ಹಾಕಿದ ಲಕ್ಷಾಂತರ ಜನ ಪಟ್ಟಿಯಿಂದ ಮಾಯ.

ಪಟ್ಟಿಯಲ್ಲಿ ಅಂಕಣವೇ ಇಲ್ಲದ 21 ತಿಂಗಳು

ಈಗ 2021ಕ್ಕೆ ಬರೋಣ.

2019ರ ಜುಲೈನಲ್ಲಿ ಮೈತ್ರಿ ಸರ್ಕಾರದ ವಿರುದ್ಧ ನಿಂತ 17 ಶಾಸಕರಲ್ಲಿ ಪ್ರತಾಪಗೌಡರೂ ಒಬ್ಬರು. ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ವಿಶ್ವಾಸಮತ ಕಳೆದುಕೊಂಡಿತು. ಜುಲೈ 28ರಂದು ಸ್ಪೀಕರ್ ರಮೇಶ್ ಕುಮಾರ್ ಅವರನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿಯಿತು, ಆದರೆ ಮತ್ತೆ ಸ್ಪರ್ಧಿಸಲು ದಾರಿ ಬಿಟ್ಟಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಚುನಾವಣೆ ಆಯಿತು. 2018ರ ಫಲಿತಾಂಶ ಪ್ರಶ್ನಿಸಿದ ಅರ್ಜಿಗಳು ಹೈಕೋರ್ಟಿನಲ್ಲಿ ಬಾಕಿ ಇದ್ದ ಕಾರಣ ಮಸ್ಕಿ ಮತ್ತು ರಾಜರಾಜೇಶ್ವರಿ ನಗರ ಉಳಿದವು. ರಾಜರಾಜೇಶ್ವರಿ ನಗರ 2020ರ ನವೆಂಬರ್‌ನಲ್ಲಿ ಮುಗಿಯಿತು. ಮಸ್ಕಿಗೆ ದಿನ ಬಂದದ್ದು 2021ರ ಏಪ್ರಿಲ್ 17ಕ್ಕೆ, ಕೋವಿಡ್ ಎರಡನೇ ಅಲೆ ಏರುತ್ತಿದ್ದಾಗ.

ಅಂದರೆ ಸುಮಾರು 21 ತಿಂಗಳು ಮಸ್ಕಿಗೆ ಶಾಸಕರೇ ಇರಲಿಲ್ಲ. ಖಾಲಿಯಾದ ಸ್ಥಾನವನ್ನು ಆರು ತಿಂಗಳೊಳಗೆ ತುಂಬಬೇಕು ಅಂತ ಜನಪ್ರತಿನಿಧಿ ಕಾಯ್ದೆ ಹೇಳುತ್ತದೆ. ವಿನಾಯಿತಿಗಳನ್ನೂ ಅದೇ ಕೊಡುತ್ತದೆ. ಲಾಕ್‌ಡೌನ್, ಗುಳೆ ಹೋದವರು ವಾಪಸ್ ಬಂದದ್ದು, ರೇಷನ್, ಆಸ್ಪತ್ರೆ ಹಾಸಿಗೆ, ಇದೆಲ್ಲ ನಡೆದದ್ದು ವಿಧಾನಸಭೆಯಲ್ಲಿ ಈ ಜನರ ಕುರ್ಚಿ ಖಾಲಿ ಇದ್ದಾಗ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂತದ್ದೂ ಈ ಕಾಲದಲ್ಲೇ. ಉಪಚುನಾವಣೆಯಲ್ಲಿ ಅದು ದೊಡ್ಡ ವಿಷಯವಾಯಿತು. ಇವರ ಪರವಾಗಿ ಸದನದಲ್ಲಿ ಕೇಳಬೇಕಾದವರು ಯಾರು?

ಗೆಲುವು–ಸೋಲಿನ ಪಟ್ಟಿಯಲ್ಲಿ ಈ 21 ತಿಂಗಳಿಗೆ ಅಂಕಣ ಇಲ್ಲ. 2018ರಲ್ಲಿ ‘ಗೆಲುವು’, 2021ರಲ್ಲಿ ‘ಸೋಲು’. ನಡುವೆ ಏನಾಯಿತು ಅನ್ನೋದು ಖಾಲಿ. 2021ರ ಗೆಲುವಿನ ಶ್ರೇಯ ಯಾರಿಗೆ ಅಂತ ಕೇಳಿದರೆ ಅಭ್ಯರ್ಥಿ, ಪಕ್ಷದ ಅಧ್ಯಕ್ಷ, ಪ್ರಚಾರಕ್ಕೆ ಬಂದವರು ಅಂತ ಪಟ್ಟಿ ಬೆಳೆಯುತ್ತದೆ. ನನ್ನ ಓದಿನಲ್ಲಿ ಅದು ಮೊದಲು ಸಲ್ಲಬೇಕಾದದ್ದು ಮತ ಪಡೆದವರು ಕೇಳದೆ ಪಕ್ಷ ಬದಲಿಸಿದರು ಅಂತ ಸಿಟ್ಟಾದ ಮತದಾರರಿಗೆ, ಆಮೇಲೆ ಕಾಲುವೆ ಕೇಳುತ್ತಾ ಕೂತ ರೈತರಿಗೆ.

ಇದನ್ನೇ ರಾಜ್ಯದ ಮಟ್ಟದಲ್ಲಿ ನೋಡಿ. ಆ 17 ಜನರಲ್ಲಿ 15 ಮಂದಿಗೆ ಬಿಜೆಪಿ ಉಪಚುನಾವಣೆಗಳಲ್ಲಿ ಟಿಕೆಟ್ ಕೊಟ್ಟಿತು. ಗೆದ್ದವರು 12. ಶೇ 80. ‘ಪಕ್ಷಾಂತರಕ್ಕೆ ಜನರ ಒಪ್ಪಿಗೆ ಇದೆ’ ಅಂತ ಆಗ ಬಂದ ವಿಶ್ಲೇಷಣೆಗಳಿಗೆ ಈ ಸಂಖ್ಯೆಯೇ ಆಧಾರ. 2023ರಲ್ಲಿ ಅವರಲ್ಲಿ 13 ಮಂದಿ ಮತ್ತೆ ಬಿಜೆಪಿಯಿಂದ ನಿಂತರು. ಗೆದ್ದವರು 6. ಶೇ 46. ಹಾಗಾದರೆ ಜನರ ಒಪ್ಪಿಗೆ ವಾಪಸ್ ಹೋಯಿತಾ? ಮೊದಲನೇ ಸಂಖ್ಯೆಯೂ ಪೂರ್ತಿ ಒಪ್ಪಿಗೆ ಆಗಿರಲಿಲ್ಲ, ಎರಡನೆಯದೂ ಪೂರ್ತಿ ತಿರಸ್ಕಾರ ಅಲ್ಲ. ಮೊದಲನೆಯದರಲ್ಲಿ ಮಂತ್ರಿಗಿರಿಯ ಭರವಸೆ ಇತ್ತು, ಹೊಸ ಸರ್ಕಾರದ ಬಲ ಇತ್ತು. ಎರಡನೆಯದರಲ್ಲಿ ಅದೇ ಸರ್ಕಾರದ ವಿರುದ್ಧದ ಬೇಸರ ಇತ್ತು.

ಟಿಕೆಟ್ ಯಾರಿಗೆ?

ಇಷ್ಟೆಲ್ಲ ಯಾಕೆ ಮುಖ್ಯ ಅಂದರೆ, ‘ಗೆಲ್ಲುವ ಸಾಮರ್ಥ್ಯ’ ಅನ್ನುವ ಈ ಒಂದೇ ಮಾತು ಉಳಿದೆಲ್ಲ ಪ್ರಶ್ನೆಗಳ ಬಾಯಿ ಮುಚ್ಚಿಸುತ್ತದೆ. ಕ್ರಿಮಿನಲ್ ಪ್ರಕರಣ ಇದ್ದವರಿಗೆ ಯಾಕೆ ಟಿಕೆಟ್? ಗೆಲ್ತಾರೆ. ಐದು ವರ್ಷಕ್ಕೊಂದು ಪಕ್ಷ ಬದಲಿಸಿದವರಿಗೆ ಯಾಕೆ? ಗೆಲ್ತಾರೆ. ಹೆಣ್ಣುಮಕ್ಕಳಿಗೆ ಯಾಕಿಲ್ಲ? ಗೆಲ್ಲಲ್ಲ. 2023ರಲ್ಲಿ 224 ಸದಸ್ಯರ ವಿಧಾನಸಭೆಗೆ ಆರಿಸಿ ಬಂದ ಮಹಿಳೆಯರು 10. ಗೆಲುವಿನ ದಾಖಲೆ ಇಲ್ಲ ಅಂತ ಟಿಕೆಟ್ ಇಲ್ಲ, ಟಿಕೆಟ್ ಇಲ್ಲದ್ದಕ್ಕೆ ದಾಖಲೆ ಇಲ್ಲ. ಆಡಲು ಬಿಡದ ಆಟಗಾರರ ಶೇಕಡಾ ಯಾವತ್ತೂ ಸೊನ್ನೆಯೇ.

ಸುಪ್ರೀಂ ಕೋರ್ಟ್ ಕೂಡ ಇದನ್ನು ಗಮನಿಸಿದೆ. 2020ರ ಫೆಬ್ರವರಿ 13ರ ಆದೇಶದಲ್ಲಿ, ಕ್ರಿಮಿನಲ್ ಪ್ರಕರಣ ಇರುವವರಿಗೆ ಟಿಕೆಟ್ ಕೊಟ್ಟರೆ ಪಕ್ಷಗಳು ಕಾರಣ ಪ್ರಕಟಿಸಬೇಕು, ಆ ಕಾರಣ ಬರೀ ಗೆಲ್ಲುವ ಸಾಮರ್ಥ್ಯ ಆಗಿರಬಾರದು ಅಂತ ಹೇಳಿತು. ಪಕ್ಷಗಳು ಈಗ ಅದೇ ಮಾತನ್ನು ‘ಸಮಾಜ ಸೇವೆ’, ‘ಜನಪ್ರಿಯತೆ’ ಅಂತ ಬೇರೆ ಪದಗಳಲ್ಲಿ ಬರೆಯುತ್ತವೆ.

ಇದರ ಬಿಸಿ ಹೆಚ್ಚು ತಟ್ಟೋದು ನಿಮ್ಮ ವಯಸ್ಸಿನವರಿಗೆ. ಬಳಗಾನೂರಿನಂಥ ಊರಿನಲ್ಲಿ ಪಡಿತರ, ಬಸ್ಸು, ಹಾಸ್ಟೆಲ್, ಕಾಲುವೆ ನೀರಿನ ವಿಷಯಕ್ಕೆ ಓಡಾಡುವ ಇಪ್ಪತ್ತೆಂಟರ ಯುವಕನೋ ಯುವತಿಯೋ ಮೊದಲ ಗೆಲುವು ಎಲ್ಲಿ ಸಂಪಾದಿಸಬೇಕು? ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗಳಲ್ಲಿ. ಅವುಗಳಿಗೆ 2016ರಲ್ಲಿ ಚುನಾವಣೆ ಆಗಿತ್ತು. 2021ರಲ್ಲಿ ಅವಧಿ ಮುಗಿದ ಮೇಲೆ ಮೀಸಲಾತಿ, ಕ್ಷೇತ್ರ ವಿಂಗಡಣೆ ಅಂತ ವರ್ಷಗಟ್ಟಲೆ ಮುಂದೂಡುತ್ತಲೇ ಬಂದರು. ಬಿಜೆಪಿ ಸರ್ಕಾರವೂ, ಕಾಂಗ್ರೆಸ್ ಸರ್ಕಾರವೂ. ಹೊಸಬರು ಆಡುವ ಮೈದಾನಕ್ಕೆ ಬೀಗ ಹಾಕಿ, ಆಮೇಲೆ ‘ನಿನ್ನ ದಾಖಲೆ ತೋರಿಸು’ ಅಂದರೆ ಏನು ತೋರಿಸಬೇಕು? ಹೀಗಾಗಿ ಟಿಕೆಟ್ ಪಟ್ಟಿಯಲ್ಲಿ ಹಳೇ ಹೆಸರುಗಳೇ ಪಕ್ಷ ಬದಲಿಸಿಕೊಂಡು ತಿರುಗುತ್ತವೆ. ಮಸ್ಕಿಯ ಕೊನೆಯ ಮೂರು ಚುನಾವಣೆಯ ಮೊದಲೆರಡು ಹೆಸರುಗಳನ್ನು ಮತ್ತೊಮ್ಮೆ ನೋಡಿ.

ಪಕ್ಷಗಳು ಗೆಲುವನ್ನು ಯೋಚಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಚುನಾವಣೆಗೆ ನಿಲ್ಲೋದೇ ಗೆಲ್ಲೋಕೆ. ಆದರೆ ಗೆಲುವನ್ನು ಊಹಿಸುವುದಕ್ಕೂ ಈ ಶೇಕಡಾ ಒಳ್ಳೆಯ ಸಾಧನ ಅಲ್ಲ ಅನ್ನೋದಕ್ಕೆ ಮಸ್ಕಿಯೇ ಸಾಕ್ಷಿ. 2021ರ ಏಪ್ರಿಲ್‌ನಲ್ಲಿ ದಾಖಲೆ ನೋಡಿ ಪಂಥ ಕಟ್ಟಿದ್ದರೆ ಏನಾಗುತ್ತಿತ್ತು? ಒಂದು ಕಡೆ ಮೂರಕ್ಕೆ ಮೂರು ಗೆದ್ದವರು, ಇನ್ನೊಂದು ಕಡೆ ಒಂದಕ್ಕೆ ಸೊನ್ನೆ. ನೂರರ ವಿರುದ್ಧ ಸೊನ್ನೆ. ಗೆದ್ದದ್ದು ಸೊನ್ನೆ, ಅದೂ 30,606 ಮತಗಳಿಂದ.

ಮುಂದಿನ ಫಲಿತಾಂಶದ ಸಂಜೆ ಆ ಪಟ್ಟಿ ನಿಮ್ಮ ಗುಂಪಿಗೂ ಬರುತ್ತದೆ. ಫಾರ್ವರ್ಡ್ ಮಾಡುವ ಮೊದಲು ನಾಲ್ಕು ವಿಷಯ ಕೇಳಿ. ಎಷ್ಟು ಪಂದ್ಯದ ಲೆಕ್ಕ ಇದು? ಎಷ್ಟು ಕಡೆ ನಿಲ್ಲಬೇಕು, ಯಾವ ಸ್ಥಾನ ಯಾರಿಗೆ ಅಂತ ತೀರ್ಮಾನಿಸಿದವರು ಯಾರು? ಮತ ಎಷ್ಟು, ಕಳೆದ ಸಲ ಎಷ್ಟಿತ್ತು? ಕೊನೆಯದು, ಪಟ್ಟಿ ಕಳಿಸಿದವರು ಉತ್ತರ ಕೊಡೋಕೆ ಇಷ್ಟಪಡದ ಪ್ರಶ್ನೆ: ಗೆದ್ದ ಮೇಲೆ ಅವರು ಸದನದಲ್ಲಿ ಎಷ್ಟು ದಿನ ಇದ್ದರು, ಏನು ಕೇಳಿದರು, 5ಎ ಕಾಲುವೆ ಎಲ್ಲಿಗೆ ಬಂತು?